ಓದುಗರ ಪ್ರಶ್ನೆ, ವೈದ್ಯರ ಉತ್ತರ: ಎಂ.ಎಸ್. ಕಾಯಿಲೆಯಲ್ಲಿ ಇಷ್ಟೊಂದು ಸುಸ್ತು ಏಕೆ?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಮೇಲೆ ದಾಳಿ ಮಾಡಿ, ನರತಂತುಗಳಿಗೆ ಸುತ್ತಿರುವ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಈ ಕಾಯಿಲೆ ಇರುವವರಿಂದಲೂ ಅವರ ಮನೆಯವರಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ಸುಸ್ತನ್ನೇ ಕುರಿತು ಕೇಳಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ನನಗೆ 36 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಎಡಗಣ್ಣು ಮಂಜಾಗಿ, ಪರೀಕ್ಷೆಗಳಾದ ಮೇಲೆ ಎಂ.ಎಸ್. ಎಂದು ತಿಳಿಯಿತು. ಈಗ ಕಣ್ಣು ಸರಿಯಿದೆ, ನಡಿಗೆಯೂ ಸರಿಯಿದೆ, ಈಚಿನ ಎಂ.ಆರ್.ಐ.ಯಲ್ಲಿ ಹೊಸ ಕಲೆಗಳಿಲ್ಲ ಎಂದಿದ್ದಾರೆ. ಆದರೆ ಬೆಳಿಗ್ಗೆ ಎರಡು ಪೀರಿಯಡ್ ಮುಗಿಯುವಷ್ಟರಲ್ಲಿ ಬೋರ್ಡಿನ ಮೇಲೆ ಕೈ ಎತ್ತಿ ಬರೆಯಲು ಆಗುವುದಿಲ್ಲ. ನಾನೇ ಬರೆದ ಸಮೀಕರಣದ ಮುಂದಿನ ಹಂತ ತೋಚದೆ ಮಕ್ಕಳ ಮುಂದೆ ನಿಂತುಬಿಡುತ್ತೇನೆ. ರಾತ್ರಿ ಚೆನ್ನಾಗಿ ನಿದ್ರೆ ಮಾಡಿದರೂ ಏಳುವಾಗಲೇ ದಣಿದಿರುತ್ತೇನೆ. ಮನೆಯಲ್ಲಿ ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುತ್ತಾರೆ. ಸ್ಕ್ಯಾನಿಂಗ್ ಚೆನ್ನಾಗಿದ್ದ ಮೇಲೆ ಈ ಸುಸ್ತು ಎಲ್ಲಿಂದ ಬರುತ್ತಿದೆ?
ಶಿಕ್ಷಕಿ, ರಾಯಚೂರು

ಉತ್ತರ: ಸ್ಕ್ಯಾನಿಂಗ್ ಚೆನ್ನಾಗಿದೆ ಎಂಬ ಮಾತಿನಿಂದಲೇ ಆರಂಭಿಸೋಣ. ಎಂ.ಎಸ್. ಇರುವವರಿಗೆ ಆಗಾಗ ಮಾಡಿಸುವ ಎಂ.ಆರ್.ಐ.ಯಲ್ಲಿ ವೈದ್ಯರು ಮುಖ್ಯವಾಗಿ ನೋಡುವುದು ಎರಡು ಸಂಗತಿಗಳನ್ನು: ಹೊಸ ಬಿಳಿ ಕಲೆಗಳು ಮೂಡಿವೆಯೇ, ಹಳೆಯವು ದೊಡ್ಡದಾಗಿವೆಯೇ ಎಂಬುದು ಒಂದು, ಬಣ್ಣದ ಇಂಜೆಕ್ಷನ್ ಕೊಟ್ಟಾಗ ಯಾವುದಾದರೂ ಕಲೆ ಹೊಳೆಯುತ್ತದೆಯೇ, ಅಂದರೆ ಅಲ್ಲಿ ಈಗಲೂ ಉರಿಯೂತ ಇದೆಯೇ ಎಂಬುದು ಇನ್ನೊಂದು. ಔಷಧ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಇಷ್ಟು ಸಾಕು. ಆದರೆ ಮಿದುಳಿನ ಹೊರಪದರದ ಸಣ್ಣ ಗಾಯಗಳು, ನೋಡಲು ಸಹಜವಾಗಿಯೇ ಕಾಣುವ ಬಿಳಿ ಭಾಗದಲ್ಲಿ ಹರಡಿಕೊಂಡಿರುವ ಸೂಕ್ಷ್ಮ ಹಾನಿ, ನರಕೋಶಗಳ ಒಳಗಿನ ಶಕ್ತಿಯ ಕೊರತೆ ಇವು ಯಾವುವೂ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಕಲೆಗಳ ಸಂಖ್ಯೆಗೂ ಸುಸ್ತಿನ ತೀವ್ರತೆಗೂ ಇರುವ ಸಂಬಂಧ ದುರ್ಬಲವೆಂದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಎಂ.ಎಸ್. ಇರುವವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಈ ತೊಂದರೆ ಇರುತ್ತದೆ. ಚೆನ್ನಾಗಿ ಓಡಾಡಿಕೊಂಡಿರುವವರೂ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ ಎನ್ನುವುದುಂಟು. ಆದ್ದರಿಂದ ನಿಮ್ಮ ವರದಿಯೂ ನಿಮ್ಮ ಅನುಭವವೂ ಒಂದಕ್ಕೊಂದು ವಿರುದ್ಧವಲ್ಲ.

ಕಾರಣಗಳಲ್ಲಿ ಮೊದಲನೆಯದು ನರತಂತುವಿನ ಮಟ್ಟದಲ್ಲೇ ಇದೆ. ಕಣ್ಣು ಮಂಜಾದ ಸಮಯದಲ್ಲಿ ನಿಮ್ಮನ್ನು ಒಂದು ಪರದೆಯ ಮುಂದೆ ಕೂರಿಸಿ, ಕಪ್ಪು ಬಿಳಿ ಚೌಕಗಳು ಅದಲುಬದಲಾಗುವುದನ್ನು ನೋಡಿಸಿ, ತಲೆಯ ಹಿಂಭಾಗಕ್ಕೆ ಅಂಟಿಸಿದ ತಂತಿಗಳಿಂದ ಒಂದು ಅಲೆಯನ್ನು ದಾಖಲಿಸಿರಬಹುದು. ಆರೋಗ್ಯವಂತ ಕಣ್ಣಿನ ನರದಲ್ಲಿ ಆ ಅಲೆಯ ಶಿಖರ ಸುಮಾರು 100 ಮಿಲಿಸೆಕೆಂಡಿನ ಹೊತ್ತಿಗೆ ಬರುತ್ತದೆ. ಮೈಲಿನ್ ಕೆಟ್ಟ ನರದಲ್ಲಿ ಅದು ತಡವಾಗುತ್ತದೆ, ಮತ್ತು ದೃಷ್ಟಿ ಮರಳಿ ಬಂದು ಅಕ್ಷರಗಳೆಲ್ಲ ಸ್ಪಷ್ಟವಾಗಿ ಕಂಡ ಮೇಲೂ ಆ ವಿಳಂಬ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಅಂದರೆ ಗುಣವಾಯಿತು ಎಂದುಕೊಂಡ ನರವೂ ಮೊದಲಿನಂತೆ ಸರಾಗವಾಗಿ ಕೆಲಸ ಮಾಡುತ್ತಿರುವುದಿಲ್ಲ. ಇದೇ ಸ್ಥಿತಿ ಕೈಕಾಲುಗಳಿಗೆ ಹೋಗುವ ದಾರಿಯಲ್ಲೂ, ಯೋಚನೆಗೆ ಬೇಕಾದ ಮಿದುಳಿನ ಭಾಗಗಳನ್ನು ಜೋಡಿಸುವ ದಾರಿಗಳಲ್ಲೂ ಇರಬಹುದು.

ಈ ನಿಧಾನಗತಿಗಿಂತಲೂ ಮುಖ್ಯವಾದದ್ದು ಅದರ ಖರ್ಚು. ಮೈಲಿನ್ ಸರಿಯಿರುವ ತಂತುವಿನಲ್ಲಿ ಸೋಡಿಯಂ ಒಳಬರುವ ದ್ವಾರಗಳು ಹೊದಿಕೆಯ ನಡುನಡುವೆ ಇರುವ ಸಣ್ಣ ತೆರಪುಗಳಲ್ಲಿ ಮಾತ್ರ ಗುಂಪಾಗಿರುತ್ತವೆ. ಸಂಕೇತವು ಒಂದು ತೆರಪಿನಿಂದ ಮುಂದಿನದಕ್ಕೆ ಜಿಗಿದು ಹೋಗುತ್ತದೆ. ಹೊದಿಕೆ ಹೋದಾಗ ತಂತುವಿನ ಬರಿಮೈಯುದ್ದಕ್ಕೂ ಈ ದ್ವಾರಗಳು ಹರಡಿಕೊಳ್ಳುತ್ತವೆ. ಸಂಕೇತ ಹೇಗೋ ದಾಟುತ್ತದೆ, ಆದರೆ ಪ್ರತಿ ಸಲವೂ ಹೆಚ್ಚು ಸೋಡಿಯಂ ಒಳನುಗ್ಗುತ್ತದೆ, ಅದನ್ನು ಹೊರಹಾಕಲು ಜೀವಕೋಶದ ಪಂಪುಗಳು ಹೆಚ್ಚು ದುಡಿಯಬೇಕಾಗುತ್ತದೆ, ಮತ್ತು ಆ ಪಂಪುಗಳು ನಡೆಯುವುದು ಮೈಟೊಕಾಂಡ್ರಿಯಗಳು ತಯಾರಿಸುವ ಶಕ್ತಿಯಿಂದ. ಎಂ.ಎಸ್.ನಲ್ಲಿ ಉರಿಯೂತದ ಸಮಯದಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಮೊದಲಾದ ವಸ್ತುಗಳು ಇದೇ ಮೈಟೊಕಾಂಡ್ರಿಯಗಳಿಗೆ ಪೆಟ್ಟು ಕೊಡುತ್ತವೆ. ಖರ್ಚು ಏರಿದ ಹೊತ್ತಿಗೇ ಉತ್ಪಾದನೆ ಇಳಿಯುತ್ತದೆ. ದೇಹದ ತೂಕದಲ್ಲಿ ಶೇ 2ರಷ್ಟಿದ್ದು, ವಿಶ್ರಾಂತಿಯಲ್ಲಿರುವಾಗಲೂ ಶೇ 20ರಷ್ಟು ಶಕ್ತಿಯನ್ನು ಬಳಸುವ ಮಿದುಳಿಗೆ ಈ ಕೊರತೆ ಬೇಗ ತಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಮೊದಲ ಪೀರಿಯಡ್‌ನಲ್ಲಿ ನಿಮ್ಮ ಕೈ ಸರಿಯಾಗಿಯೇ ಏಳುತ್ತದೆ, ಎರಡನೆಯದರ ಕೊನೆಗೆ ಏಳುವುದಿಲ್ಲ. ಒಂದೇ ದಾರಿಯನ್ನು ಮತ್ತೆ ಮತ್ತೆ ಬಳಸಿದಾಗ ಬಡವಾದ ತಂತುಗಳಲ್ಲಿ ಸಂಕೇತ ನಡುವೆಯೇ ನಿಂತುಹೋಗುವುದು ಇದಕ್ಕೆ ಒಂದು ವಿವರಣೆ. ಸ್ನಾಯುವನ್ನೇ ನೇರವಾಗಿ ಪ್ರಚೋದಿಸಿ ನೋಡಿದ ಪ್ರಯೋಗಗಳಲ್ಲಿ ಸ್ನಾಯುವಿಗೆ ಇನ್ನೂ ತಾಕತ್ತಿರುವುದು, ಮೇಲಿನಿಂದ ಬರುವ ಆದೇಶ ಮಾತ್ರ ಕ್ಷೀಣಿಸಿರುವುದು ಕಂಡುಬಂದಿದೆ.

ಎರಡನೆಯದು, ಮಿದುಳು ತನ್ನ ಹಾನಿಯನ್ನು ಸರಿದೂಗಿಸಿಕೊಳ್ಳುವ ರೀತಿ. ಬೆರಳು ಬಡಿಯುವಂಥ ಸರಳ ಕೆಲಸವನ್ನೋ, ಸಂಖ್ಯೆಗಳನ್ನು ಹೊಂದಿಸುವಂಥ ಯೋಚನೆಯ ಕೆಲಸವನ್ನೋ ಕೊಟ್ಟು, ಆ ಹೊತ್ತಿನಲ್ಲಿ ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂದು ಫಂಕ್ಷನಲ್ ಎಂ.ಆರ್.ಐ.ಯಲ್ಲಿ ನೋಡಿದಾಗ, ಎಂ.ಎಸ್. ಇರುವವರಲ್ಲಿ ಹೆಚ್ಚು ಭಾಗಗಳು ತೊಡಗಿಕೊಳ್ಳುವುದು ಹಲವು ಬಾರಿ ಕಂಡಿದೆ. ಒಬ್ಬರು ಹೊರುವ ಮೂಟೆಗೆ ನಾಲ್ವರು ಹೆಗಲು ಕೊಟ್ಟಂತೆ ಇದು: ಮೂಟೆ ಸೇರಬೇಕಾದ ಕಡೆ ಸೇರುತ್ತದೆ, ಆದರೆ ನಾಲ್ವರಿಗೂ ದಣಿವು. ಮಕ್ಕಳಿಗೆ ನಿಮ್ಮ ಪಾಠದಲ್ಲಿ ಯಾವ ಕೊರತೆಯೂ ಕಾಣದಿರುವುದಕ್ಕೂ, ಪಾಠ ಮುಗಿದ ಮೇಲೆ ನೀವು ಸ್ಟಾಫ್ ರೂಮಿನಲ್ಲಿ ಮೇಜಿಗೆ ತಲೆಯಿಡುವುದಕ್ಕೂ ಇದೇ ಕಾರಣವಿರಬಹುದು.

ಮೂರನೆಯ ಕಾರಣ ನನ್ನ ಮಟ್ಟಿಗೆ ಎಲ್ಲಕ್ಕಿಂತ ಕುತೂಹಲದ್ದು. ಮಿದುಳಿನ ಆಳದಲ್ಲಿ ಥಲಾಮಸ್ ಮತ್ತು ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಗಳಿವೆ. ಇವು ಹಣೆಯ ಹಿಂದಿರುವ ಮುಂಭಾಗದ ಮಿದುಳಿನೊಂದಿಗೆ ಸೇರಿ ಒಂದು ಮಂಡಲವಾಗಿ ಕೆಲಸ ಮಾಡುತ್ತವೆ. ಒಂದು ಕೆಲಸಕ್ಕೆ ಎಷ್ಟು ಶ್ರಮ ಹಾಕಬೇಕು, ಹಾಕಿದ ಶ್ರಮಕ್ಕೆ ತಕ್ಕ ಫಲ ಸಿಗುತ್ತದೆಯೇ, ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂಬ ಲೆಕ್ಕಾಚಾರ ನಮ್ಮ ಅರಿವಿಗೆ ಬರುವ ಮೊದಲೇ ಇಲ್ಲಿ ನಡೆಯುತ್ತಿರುತ್ತದೆ. 1997ರಲ್ಲಿ ಪ್ರಕಟವಾದ ಪೆಟ್ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ಸುಸ್ತು ಇರುವ ಎಂ.ಎಸ್. ರೋಗಿಗಳ ಮುಂಭಾಗದ ಮಿದುಳು ಮತ್ತು ಬೇಸಲ್ ಗ್ಯಾಂಗ್ಲಿಯಾ, ಸುಸ್ತು ಇಲ್ಲದ ರೋಗಿಗಳಿಗಿಂತ ಕಡಿಮೆ ಗ್ಲೂಕೋಸ್ ಬಳಸುತ್ತಿದ್ದುದು ಕಂಡುಬಂತು. ಆಮೇಲಿನ ಹಲವು ಅಧ್ಯಯನಗಳು ಇದೇ ಮಂಡಲದ ಭಾಗಗಳು ಸೊರಗಿರುವುದನ್ನೂ ಅವುಗಳ ನಡುವಿನ ಸಂಪರ್ಕ ಬದಲಾಗಿರುವುದನ್ನೂ ಸುಸ್ತಿನೊಂದಿಗೆ ಜೋಡಿಸಿವೆ. ಈ ಮಂಡಲದಲ್ಲಿ ಹುರುಪು ಮತ್ತು ಪ್ರತಿಫಲದ ಸಂಕೇತಗಳನ್ನು ಒಯ್ಯುವ ಮುಖ್ಯ ರಾಸಾಯನಿಕ ಡೋಪಮಿನ್ ಆದ್ದರಿಂದ, ಅದರ ಏರುಪೇರೇ ಸುಸ್ತಿನ ಮೂಲವಿರಬಹುದೆಂಬ ವಾದವೂ ಇದೆ. ಅದು ವಾದವಷ್ಟೇ, ಡೋಪಮಿನ್ ಹೆಚ್ಚಿಸುವ ಔಷಧ ಕೊಟ್ಟ ಮಾತ್ರಕ್ಕೆ ಸುಸ್ತು ಹೋಗಿಲ್ಲವೆಂಬುದನ್ನು ಮುಂದಿನ ಪ್ರಶ್ನೆಯೊಂದರಲ್ಲಿ ನೋಡುತ್ತೀರಿ.

ಇನ್ನು ರೋಗನಿರೋಧಕ ವ್ಯವಸ್ಥೆಯ ನೇರ ಪಾತ್ರ. ವೈರಲ್ ಜ್ವರ ಬಂದಾಗ ಮೈ ಏಳಲು ಒಪ್ಪದೆ, ಊಟ ಬೇಡವಾಗಿ, ಯಾರ ಮಾತೂ ಬೇಡವೆನಿಸುವುದನ್ನು ಎಲ್ಲರೂ ಬಲ್ಲರು. ಅದನ್ನು ಮಾಡಿಸುವುದು ವೈರಸ್ಸಿಗಿಂತ ಹೆಚ್ಚಾಗಿ ನಮ್ಮದೇ ರಕ್ಷಣಾ ಕೋಶಗಳು ಹೊರಬಿಡುವ ಸೈಟೊಕೈನ್ ಎಂಬ ಪ್ರೋಟೀನುಗಳು. ಹೆಪಟೈಟಿಸ್ ಸಿ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಇಂಟರ್‌ಫೆರಾನ್ ಆಲ್ಫಾ ಕೂಡ ಒಂದು ಸೈಟೊಕೈನ್. ಅದನ್ನು ಪಡೆದವರಲ್ಲಿ ಬಹುಪಾಲು ಜನ ತೀವ್ರ ಸುಸ್ತಿನಿಂದ ಬಳಲುತ್ತಿದ್ದರೆಂಬುದು, ಈ ವಸ್ತುಗಳು ತಾವಾಗಿಯೇ ಸುಸ್ತು ತರಬಲ್ಲವು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ. ಎಂ.ಎಸ್.ನಲ್ಲಿ ಮಿದುಳಿನ ಒಳಗೇ ಕಡಿಮೆ ಪ್ರಮಾಣದ ಉರಿಯೂತ ವರ್ಷಗಟ್ಟಲೆ ಮುಂದುವರಿಯುತ್ತದೆ. ಆದರೆ ಸುಸ್ತು ಇರುವವರ ರಕ್ತದಲ್ಲಿ ಸೈಟೊಕೈನ್ ಅಳೆದಾಗ ಕೆಲವು ಅಧ್ಯಯನಗಳಲ್ಲಿ ಅದು ಹೆಚ್ಚಿತ್ತು, ಕೆಲವದರಲ್ಲಿ ವ್ಯತ್ಯಾಸವೇ ಇರಲಿಲ್ಲ. ರಕ್ತವು ಮಿದುಳಿನ ಒಳಗಿನ ಸ್ಥಿತಿಗೆ ಕನ್ನಡಿ ಹಿಡಿಯಲೇಬೇಕೆಂದಿಲ್ಲ ಎಂಬುದನ್ನೂ ನೆನಪಿಡಬೇಕು.

ಒತ್ತಡದ ಹಾರ್ಮೋನುಗಳ ವ್ಯವಸ್ಥೆ ಎಂ.ಎಸ್.ನಲ್ಲಿ ಅತಿಯಾಗಿ ಕೆಲಸ ಮಾಡುತ್ತದೆಂದೂ, ದೇಹದ ಒಳಸ್ಥಿತಿಯನ್ನು ಗಮನಿಸುವ ಮಿದುಳಿನ ಭಾಗಗಳು ‘ಇಲ್ಲಿ ಏನೋ ಹತೋಟಿಗೆ ಬರುತ್ತಿಲ್ಲ’ ಎಂದು ಗ್ರಹಿಸುವುದೇ ಸುಸ್ತಿನ ಅನುಭವವಾಗುತ್ತದೆಂದೂ ಹೇಳುವವರಿದ್ದಾರೆ. ಆಧಾರ ಇನ್ನೂ ತೆಳುವಾಗಿರುವುದರಿಂದ ಅವುಗಳನ್ನು ಇಲ್ಲಿಗೇ ಬಿಡುತ್ತೇನೆ.

ಇವುಗಳಲ್ಲಿ ನಿಮ್ಮದು ಯಾವುದು ಎಂದು ಹೇಳಬಲ್ಲ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಂದು ಆಸ್ಪತ್ರೆಗಳಲ್ಲಿ ಇಲ್ಲ. ಬಹಳ ಮಟ್ಟಿಗೆ ಒಬ್ಬರಲ್ಲೇ ಎರಡು ಮೂರು ಕಾರಣಗಳು ಕೂಡಿಕೊಂಡಿರುತ್ತವೆ. ನಿಮ್ಮ ಮನೆಯವರಿಗೆ ಹೇಳಬೇಕಾದದ್ದು ಇಷ್ಟು: ಮನಸ್ಸು ಗಟ್ಟಿ ಮಾಡಿಕೊಳ್ಳಲು ಬೇಕಾಗುವ ಮಿದುಳಿನ ಮಂಡಲವೇ ಈ ಕಾಯಿಲೆಯಲ್ಲಿ ದಣಿಯುವ ಮಂಡಲ. ಶಾಲೆಯಲ್ಲಿ ಸಾಧ್ಯವಾದರೆ ಕಷ್ಟದ ತರಗತಿಗಳನ್ನು ಮೊದಲ ಪೀರಿಯಡ್‌ಗೆ ಹಾಕಿಸಿಕೊಂಡು, ಎರಡು ತರಗತಿಗಳ ನಡುವೆ ಒಂದು ಖಾಲಿ ಪೀರಿಯಡ್ ಕೇಳಿ. ಕುಳಿತು ಪಾಠ ಮಾಡಲು ಹಿಂಜರಿಯಬೇಡಿ. ಎಂ.ಎಸ್. ಈಗ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿರುವ ಕಾಯಿಲೆ. ಆದ್ದರಿಂದ ಇಂಥ ಅನುಕೂಲ ಕೇಳುವಾಗ ದಾಕ್ಷಿಣ್ಯಪಡುವ ಅಗತ್ಯವಿಲ್ಲ.

ಪ್ರಶ್ನೆ: ನನಗೆ ಎಂ.ಎಸ್. ಇದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಏನೂ ಮಾಡಲಾಗುವುದಿಲ್ಲ. ಈ ಸಲ ಹಬ್ಬಕ್ಕೆ ಎಣ್ಣೆ ಹಚ್ಚಿಕೊಂಡು ಹಂಡೆಯ ಬಿಸಿನೀರು ಸ್ನಾನ ಮಾಡಿ ಬಚ್ಚಲಿನಿಂದ ಹೊರಬರುವಾಗ ಕಾಲು ಕುಸಿದು, ಕಣ್ಣು ಮಸುಕಾಯಿತು. ಫ್ಯಾನ್ ಕೆಳಗೆ ಅರ್ಧ ಗಂಟೆ ಮಲಗಿದ ಮೇಲೆ ಸರಿಹೋಯಿತು. ಕಾಯಿಲೆ ಮರುಕಳಿಸಿತೇ?
ಓದುಗರು, ಕಲಬುರಗಿ

ಉತ್ತರ: ಮರುಕಳಿಸಿಲ್ಲ. ಕಣ್ಣಿನ ನರ ಕೆಟ್ಟವರಲ್ಲಿ ದೈಹಿಕ ಶ್ರಮದ ನಂತರ ದೃಷ್ಟಿ ತಾತ್ಕಾಲಿಕವಾಗಿ ಮಸುಕಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಉಹ್ತಾಫ್ 1890ರಲ್ಲಿ ವಿವರಿಸಿದರು. ಅವರು ಶ್ರಮವೇ ಕಾರಣವೆಂದುಕೊಂಡಿದ್ದರು. ನಿಜವಾದ ಕಾರಣ ಮೈಯ ಶಾಖ ಏರುವುದು ಎಂಬುದು ಆಮೇಲೆ ತಿಳಿಯಿತು. ಎಂ.ಆರ್.ಐ. ಬರುವ ಮುನ್ನ, ಅನುಮಾನವಿದ್ದ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆಯೇ ಎಂದು ನೋಡುವ ಪರೀಕ್ಷೆಯೇ ಇತ್ತು. ನಿಮಗೆ ಬಚ್ಚಲಿನಲ್ಲಿ ಆದದ್ದು ಹೆಚ್ಚುಕಡಿಮೆ ಅದೇ ಪರೀಕ್ಷೆ.

ಶಾಖ ಏರಿದಾಗ ಸೋಡಿಯಂ ದ್ವಾರಗಳು ತೆರೆದಷ್ಟೇ ಬೇಗ ಮುಚ್ಚಿಕೊಳ್ಳುತ್ತವೆ, ಹೀಗಾಗಿ ಪ್ರತಿ ಸಂಕೇತಕ್ಕೂ ಸಿಗುವ ವಿದ್ಯುತ್ ಕಡಿಮೆಯಾಗುತ್ತದೆ. ಗಟ್ಟಿಯಾದ ನರಕ್ಕೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ ಇರುತ್ತದೆ. ಮೈಲಿನ್ ಕಳೆದುಕೊಂಡ ನರ ಮೊದಲೇ ಅಂಚಿನಲ್ಲಿರುವುದರಿಂದ, ಅರ್ಧ ಡಿಗ್ರಿ ಸೆಲ್ಸಿಯಸ್ ಏರಿಕೆಯೂ ಕೆಲವರಲ್ಲಿ ಸಂಕೇತವನ್ನು ಪೂರ್ತಿ ನಿಲ್ಲಿಸಬಲ್ಲದು. ಮೈ ತಣ್ಣಗಾದ ಕೂಡಲೇ ದಾರಿ ತೆರೆಯುತ್ತದೆ. ಹೊಸ ಗಾಯವೇನೂ ಆಗಿರುವುದಿಲ್ಲ. ಎಲ್ಲರ ಮೈಶಾಖವೂ ಬೆಳಗಿನ ಜಾವ ಕಡಿಮೆಯಿದ್ದು ಮಧ್ಯಾಹ್ನದಿಂದ ಸಂಜೆಯವರೆಗೆ ಸ್ವಲ್ಪ ಏರುವುದು ದಿನಚರಿಯ ಭಾಗ. ನಿಮ್ಮ ಕಡೆಯ ಬೇಸಿಗೆಯಲ್ಲಿ ಹೊರಗಿನ ಬಿಸಿಲೂ ಅದೇ ಹೊತ್ತಿಗೆ ನೆತ್ತಿಗೇರಿರುತ್ತದೆ. ಹೊರಗಿನ ಬಿಸಿ ಇಲ್ಲದಾಗಲೂ, ಮರುಕಳಿಸುವ ಬಗೆಯ ಎಂ.ಎಸ್. ಇರುವವರ ಮೈಶಾಖ ವಿಶ್ರಾಂತಿಯಲ್ಲೇ ಉಳಿದವರಿಗಿಂತ ತುಸು ಹೆಚ್ಚಿತ್ತು, ಅದು ಹೆಚ್ಚಿದ್ದಷ್ಟೂ ಸುಸ್ತು ಹೆಚ್ಚಿತ್ತು ಎಂದು 2014ರ ಒಂದು ಸಣ್ಣ ಅಧ್ಯಯನ ಹೇಳಿದೆ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಬಳಸಿ. ಎಣ್ಣೆಸ್ನಾನ ಬಿಡಲಾಗದಿದ್ದರೆ ಬಚ್ಚಲಿನಲ್ಲಿ ಸ್ಟೂಲ್ ಇಟ್ಟುಕೊಂಡು, ಬಾಗಿಲಿಗೆ ಚಿಲಕ ಹಾಕದೆ, ಮನೆಯವರಿಗೆ ಹೇಳಿ ಮಾಡಿ. ಹೊರಗೆ ಹೋಗುವ ಮುಂಚೆ ತಣ್ಣೀರು ಕುಡಿಯುವುದು, ಕತ್ತಿಗೆ ಒದ್ದೆ ಬಟ್ಟೆ ಹಾಕಿಕೊಳ್ಳುವುದು, ಹೊರಗಿನ ಕೆಲಸವನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿಕೊಳ್ಳುವುದು ನಿಜವಾಗಿಯೂ ಉಪಯುಕ್ತ. ಹಬೆ ಸ್ನಾನದ ಚಿಕಿತ್ಸೆಗಳಿಂದ ದೂರವಿರಿ. ಒಂದು ಎಚ್ಚರಿಕೆ: ಬಿಸಿಲಾಗಲಿ ಬಿಸಿನೀರಾಗಲಿ ಇಲ್ಲದೆ ಹೀಗಾದರೆ ಥರ್ಮಾಮೀಟರ್ ಇಟ್ಟು ನೋಡಿ. ಜ್ವರ ಬಂದಾಗಲೂ ಇದೇ ಆಗುತ್ತದೆ, ಮತ್ತು ಎಂ.ಎಸ್.ನಲ್ಲಿ ಆ ಜ್ವರದ ಮೂಲ ಎಷ್ಟೋ ಸಲ ಉರಿಯೇ ಕಾಣಿಸದ ಮೂತ್ರದ ಸೋಂಕಾಗಿರುತ್ತದೆ.

ಪ್ರಶ್ನೆ: ನನ್ನ ಪತ್ನಿಗೆ ಎಂ.ಎಸ್. ಬಂದು ಹತ್ತು ವರ್ಷಗಳಾದವು. ಕಾಲಿನ ಬಿಗಿತಕ್ಕೆ ಬ್ಯಾಕ್ಲೋಫೆನ್, ನೋವಿಗೆ ಪ್ರಿಗಾಬಲಿನ್ ತೆಗೆದುಕೊಳ್ಳುತ್ತಾಳೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾಳೆ. ಹಗಲೆಲ್ಲ ತೂಕಡಿಕೆ, ಸುಸ್ತು. ಕೇಳಿದರೆ ‘ಇದು ಕಾಯಿಲೆಯದೇ ಸುಸ್ತು, ಏನೂ ಮಾಡಲಾಗದು’ ಎಂದಿದ್ದಾರೆ. ಹೌದೇ?
ಓದುಗರು, ಶಿವಮೊಗ್ಗ

ಉತ್ತರ: ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬಾರದು. ಮೊದಲ ಉತ್ತರದಲ್ಲಿ ವಿವರಿಸಿದ್ದು ಕಾಯಿಲೆಯಿಂದಲೇ ನೇರವಾಗಿ ಹುಟ್ಟುವ ಸುಸ್ತು. ಉಳಿದ ಕಾರಣಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದ ಮೇಲೆ ಮಾತ್ರ ಆ ಹೆಸರು ಕೊಡುವುದು ನ್ಯಾಯ, ಮತ್ತು ನಿಮ್ಮ ಪತ್ರದ ನಾಲ್ಕು ಸಾಲುಗಳಲ್ಲೇ ಸರಿಪಡಿಸಬಹುದಾದ ಕಾರಣಗಳು ಎದ್ದು ಕಾಣುತ್ತಿವೆ.

ರಾತ್ರಿ ನಾಲ್ಕು ಸಲ ಏಳುವವರಿಗೆ ಆಳವಾದ ನಿದ್ರೆ ಸಿಗುವುದೇ ಇಲ್ಲ. ಬೆನ್ನುಹುರಿಯಲ್ಲಿ ಗಾಯವಿದ್ದಾಗ ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳಬಹುದು, ಅಥವಾ ಪೂರ್ತಿ ಖಾಲಿಯಾಗದೆ ಉಳಿಯಬಹುದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆಯಾದ್ದರಿಂದ, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂಬುದನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿಸಬೇಕು. ಮೂತ್ರದ ಭಯಕ್ಕೆ ಹಗಲಿಡೀ ನೀರನ್ನೇ ಕಡಿಮೆ ಮಾಡುವ ಹೆಣ್ಣುಮಕ್ಕಳು ಬಹಳ ಮಂದಿ. ಅದರಿಂದ ನಿತ್ರಾಣವೂ ಮಲಬದ್ಧತೆಯೂ ಹೆಚ್ಚುತ್ತವೆ, ಸೋಂಕಿಗೂ ದಾರಿಯಾಗುತ್ತದೆ. ಹಗಲು ಸಾಕಷ್ಟು ಕುಡಿದು, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡುವುದು ಸರಿಯಾದ ಕ್ರಮ. ಮೂತ್ರದ ಜೊತೆಗೆ ಕಾಲಿನ ಸೆಳೆತವೂ ಎಬ್ಬಿಸುತ್ತಿದೆಯೇ, ಮಲಗಿದ ಕೂಡಲೇ ಕಾಲು ಆಡಿಸದೆ ಇರಲಾರದಂಥ ಚಡಪಡಿಕೆ ಇದೆಯೇ, ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುತ್ತದೆಯೇ ಎಂಬುದನ್ನು ಪಕ್ಕದಲ್ಲಿ ಮಲಗುವ ನೀವೇ ಹೇಳಬೇಕು, ಏಕೆಂದರೆ ನಿದ್ರೆಯಲ್ಲಿರುವವರಿಗೆ ಅದು ತಿಳಿಯದು. ಕಾಲಿನ ಚಡಪಡಿಕೆ ಎಂ.ಎಸ್. ಇರುವವರಲ್ಲಿ ಉಳಿದವರಿಗಿಂತ ಹೆಚ್ಚು. ದೇಹದಲ್ಲಿ ಕಬ್ಬಿಣದ ಸಂಗ್ರಹ ಕಡಿಮೆಯಿದ್ದರೆ ಅದು ಇನ್ನೂ ಹೆಚ್ಚಾಗುತ್ತದೆ, ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ನೋಡಿಸುವುದು ಅದಕ್ಕಾಗಿ.

ಬ್ಯಾಕ್ಲೋಫೆನ್ ಮತ್ತು ಪ್ರಿಗಾಬಲಿನ್ ಎರಡೂ ಮಂಪರು ತರುವ ಔಷಧಗಳು. ಪ್ರಮಾಣವನ್ನು, ತೆಗೆದುಕೊಳ್ಳುವ ಹೊತ್ತನ್ನು ಬದಲಾಯಿಸಿದರೆ ಹಗಲಿನ ತೂಕಡಿಕೆ ಇಳಿಯಬಹುದು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಬ್ಯಾಕ್ಲೋಫೆನ್ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ವಾರದಲ್ಲಿ ಇಂಟರ್‌ಫೆರಾನ್ ಬೀಟಾ ಚುಚ್ಚುಮದ್ದು ತೆಗೆದುಕೊಳ್ಳುವವರಾಗಿದ್ದರೆ, ಮರುದಿನದ ಮೈಕೈ ನೋವು ಮತ್ತು ಸುಸ್ತು ಅದರದ್ದು. ರಕ್ತದಲ್ಲಿ ಹಿಮೋಗ್ಲೋಬಿನ್, ಬಿ12, ಥೈರಾಯ್ಡ್, ಸಕ್ಕರೆ, ವಿಟಮಿನ್ ಡಿ ಇಷ್ಟನ್ನಾದರೂ ನೋಡಿಸಿ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಮತ್ತು ಅದು ತಾನಾಗಿಯೇ ಬೆನ್ನುಹುರಿಗೆ ಹಾನಿ ಮಾಡಬಲ್ಲದ್ದು, ಆದ್ದರಿಂದ ಎಂ.ಎಸ್. ಇದ್ದವರಲ್ಲಿ ಅದನ್ನು ಎರಡು ಪಟ್ಟು ಗಂಭೀರವಾಗಿ ನೋಡಬೇಕು.

ಖಿನ್ನತೆಯ ಪ್ರಶ್ನೆಯನ್ನೂ ಸಂಕೋಚವಿಲ್ಲದೆ ಕೇಳಿ. ಅದು ಸುಸ್ತನ್ನು ಹೆಚ್ಚಿಸುತ್ತದೆ, ಸುಸ್ತು ಅದನ್ನು ಹೆಚ್ಚಿಸುತ್ತದೆ. ಉರಿಯೂತದ ಸೈಟೊಕೈನುಗಳಿಗೆ ಎರಡರಲ್ಲೂ ಪಾತ್ರವಿರಬಹುದು. ಹತ್ತು ವರ್ಷ ಬಿಗಿದ ಕಾಲುಗಳಲ್ಲಿ ನಡೆಯುವವರಿಗೆ ಅಷ್ಟೇ ದೂರಕ್ಕೆ ಹೆಚ್ಚು ಶಕ್ತಿ ಖರ್ಚಾಗುತ್ತದೆ, ಅದಕ್ಕೆ ಹೆದರಿ ಓಡಾಟ ಬಿಟ್ಟರೆ ಸ್ನಾಯುಗಳು ಸೊರಗಿ ಖರ್ಚು ಇನ್ನೂ ಏರುತ್ತದೆ. ಫಿಸಿಯೋಥೆರಪಿಯವರನ್ನು ಕಾಣಲು ಇದೂ ಒಂದು ಕಾರಣ.

ಪ್ರಶ್ನೆ: ಎಂ.ಎಸ್. ಸುಸ್ತಿಗೆ ಮೊಡಾಫಿನಿಲ್ ಅಥವಾ ಅಮಾಂಟಡಿನ್ ಮಾತ್ರೆ ಒಳ್ಳೆಯದೆಂದು ಕೇಳಿದ್ದೇನೆ. ಪರಿಚಿತರೊಬ್ಬರು ಅಶ್ವಗಂಧ ತೆಗೆದುಕೊಳ್ಳಿ, ನಿರೋಧಕ ಶಕ್ತಿ ಹೆಚ್ಚುತ್ತದೆ ಎನ್ನುತ್ತಾರೆ. ಯಾವುದು ಸರಿ?
ಓದುಗರು, ಮೈಸೂರು

ಉತ್ತರ: ಈ ಮಾತ್ರೆಗಳನ್ನು ವೈದ್ಯರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ, ಆದರೆ ಆಧಾರ ಅಷ್ಟು ಗಟ್ಟಿಯಾಗಿರಲಿಲ್ಲ. 2021ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎಂ.ಎಸ್. ಮತ್ತು ಸುಸ್ತು ಇದ್ದ 141 ಜನರಿಗೆ ಅಮಾಂಟಡಿನ್, ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್ ಮತ್ತು ಔಷಧವಿಲ್ಲದ ಸುಳ್ಳು ಮಾತ್ರೆಯನ್ನು, ಯಾವುದು ಯಾವುದೆಂದು ತಿಳಿಸದೆ, ಸರದಿಯಂತೆ ಕೊಟ್ಟರು. ಮೂರು ಔಷಧಗಳಲ್ಲಿ ಒಂದೂ ಸುಳ್ಳು ಮಾತ್ರೆಗಿಂತ ಮೇಲೆನಿಸಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಮೂರರಲ್ಲೂ ಹೆಚ್ಚಿದ್ದವು. ಮೀಥೈಲ್‌ಫೆನಿಡೇಟ್ ಡೋಪಮಿನ್ ಹೆಚ್ಚಿಸುವ ಔಷಧವೆಂಬುದನ್ನು ಗಮನಿಸಿ. ರಾಯಚೂರಿನ ಓದುಗರಿಗೆ ಕೊಟ್ಟ ಉತ್ತರದಲ್ಲಿ ಆ ವಾದವನ್ನು ವಾದವಷ್ಟೇ ಎಂದದ್ದು ಇದಕ್ಕಾಗಿ. 2024ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಮೊಡಾಫಿನಿಲ್, ಫೋನಿನ ಮೂಲಕ ನಡೆಸಿದ ಮಾತಿನ ಚಿಕಿತ್ಸೆ, ಎರಡೂ ಸೇರಿದ್ದು, ಈ ಮೂರೂ ಗುಂಪುಗಳಲ್ಲಿ ಸುಸ್ತು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಅಲ್ಲಿ ಸುಳ್ಳು ಮಾತ್ರೆಯ ಗುಂಪು ಇರಲಿಲ್ಲವಾದ್ದರಿಂದ ಅದನ್ನು ಔಷಧದ ಗೆಲುವೆಂದು ನಾನು ಓದುವುದಿಲ್ಲ.

ಹಗಲಿನಲ್ಲಿ ಅತಿಯಾಗಿ ತೂಕಡಿಸುವವರಿಗೆ ಮೊಡಾಫಿನಿಲ್ ಸ್ವಲ್ಪ ನೆರವಾಗಬಹುದು ಎಂಬ ಸೂಚನೆಗಳಿವೆ. ಹಾಗಿದ್ದರೂ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ಅದು ಕಡಿಮೆ ಮಾಡುತ್ತದೆ ಎಂಬುದನ್ನು ಮರೆಯಬಾರದು. ಹತ್ತು ಜನರ ಸುಸ್ತಿಗೆ ಹತ್ತು ಬಗೆಯ ಮೂಲಗಳಿರುವಾಗ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿ ಒಂದೇ ಮಾತ್ರೆ ಕೊಟ್ಟರೆ ಫಲ ಕಾಣದಿರುವುದು ಸಹಜ ಎನ್ನುವುದು ನನ್ನ ಅಭಿಪ್ರಾಯ. ನಿಯಮಿತ, ಮಿತವಾದ ವ್ಯಾಯಾಮಕ್ಕೆ ಇರುವ ಆಧಾರ ಇದಕ್ಕಿಂತ ಉತ್ತಮವಾಗಿದೆ. ವ್ಯಾಯಾಮದಿಂದ ಎಂ.ಎಸ್. ಹೆಚ್ಚುತ್ತದೆಂಬ ಹಳೆಯ ಭಯಕ್ಕೆ ಈಗ ಆಧಾರವಿಲ್ಲ.

ಅಶ್ವಗಂಧದ ವಿಷಯದಲ್ಲಿ ನಾನು ಬೇಡ ಎಂದೇ ಹೇಳುತ್ತೇನೆ. ನಿಮ್ಮ ಕಾಯಿಲೆಯಲ್ಲಿ ನಿರೋಧಕ ವ್ಯವಸ್ಥೆ ದಾರಿ ತಪ್ಪಿ ಹೆಚ್ಚು ಚುರುಕಾಗಿರುವುದೇ ತೊಂದರೆ. ಅದನ್ನು ಇನ್ನಷ್ಟು ಬಲಪಡಿಸುವೆವೆಂದು ಮಾರುವ ಯಾವುದನ್ನೂ ನೀವು ಅನುಮಾನದಿಂದಲೇ ನೋಡಬೇಕು. ಅಶ್ವಗಂಧದ ಪುಡಿ, ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ, ಮತ್ತು ಟೆರಿಫ್ಲುನೊಮೈಡ್, ಇಂಟರ್‌ಫೆರಾನ್‌ನಂಥ ಎಂ.ಎಸ್. ಔಷಧಗಳೂ ಯಕೃತ್ತಿನ ಮೇಲೆ ಭಾರ ಹಾಕುವಂಥವು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ನರರೋಗ ತಜ್ಞರಿಂದ ಮುಚ್ಚಿಡಬೇಡಿ.

ಪ್ರಶ್ನೆ: ಸುಸ್ತು ಹೆಚ್ಚಾದರೆ ಕಾಯಿಲೆ ಮುಂದುವರಿಯುತ್ತಿದೆ ಎಂದರ್ಥವೇ? ಡಾಕ್ಟರ ಮುಂದೆ ‘ಸುಸ್ತು’ ಎಂದಾಗ ಅವರು ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಾರೆ. ಹೇಗೆ ಹೇಳಬೇಕು?
ಓದುಗರು, ಹುಬ್ಬಳ್ಳಿ

ಉತ್ತರ: ಸುಸ್ತೊಂದರಿಂದಲೇ ಹಾಗೆ ಹೇಳಲಾಗದು. ಕಾಯಿಲೆ ಪತ್ತೆಯಾಗುವ ಕೆಲವು ವರ್ಷಗಳ ಮುಂಚೆಯೇ ಸುಸ್ತೆಂದು ವೈದ್ಯರ ಬಳಿ ಹೋದವರು ಇದ್ದಾರೆ, ಇಪ್ಪತ್ತು ವರ್ಷ ಏರುಪೇರಿಲ್ಲದೆ ಅದೇ ಸುಸ್ತಿನೊಂದಿಗೆ ಇರುವವರೂ ಇದ್ದಾರೆ.

ಹೇಳುವುದಕ್ಕೆ ಒಂದು ಸುಲಭ ದಾರಿಯಿದೆ. 1989ರಲ್ಲಿ ರೂಪಿಸಿದ ಸುಸ್ತಿನ ತೀವ್ರತೆಯ ಅಳತೆಪಟ್ಟಿಯಲ್ಲಿ ಒಂಬತ್ತು ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ಸ್ವಲ್ಪವೂ ಒಪ್ಪದಿದ್ದರೆ 1, ಪೂರ್ತಿ ಒಪ್ಪಿದರೆ 7 ಅಂಕ. ಸರಾಸರಿ 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಮನಿಸಬೇಕಾದ ಸುಸ್ತು ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಅದನ್ನು ಕೇಳಿ ಭರ್ತಿ ಮಾಡಿ. ಅದರ ಜೊತೆ ಒಂದು ವಾರದ ಟಿಪ್ಪಣಿ ಒಯ್ಯಿರಿ: ಎಷ್ಟು ಹೊತ್ತಿಗೆ ಸುಸ್ತಾಯಿತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದಿರಿ, ರಾತ್ರಿ ಎಷ್ಟು ಸಲ ಎದ್ದಿರಿ, ಯಾವ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದಿರಿ, ಆ ದಿನ ಬಿಸಿಲೆಷ್ಟಿತ್ತು. ಕೈಕಾಲು ಸೋಲುವುದು, ತಲೆ ಓಡದಿರುವುದು, ಕಣ್ಣು ಎಳೆದುಕೊಂಡು ಹೋಗುವುದು ಈ ಮೂರನ್ನೂ ಬೇರೆ ಬೇರೆಯಾಗಿ ಬರೆಯಿರಿ. ಮೂರಕ್ಕೂ ಮೂಲ ಒಂದೇ ಇರಬೇಕಾಗಿಲ್ಲ, ಮತ್ತು ‘ಸುಸ್ತು’ ಎಂದಷ್ಟೇ ಬರೆದರೆ ವೈದ್ಯರಿಗೆ ಎಲ್ಲಿಂದ ಹುಡುಕಬೇಕೆಂಬುದೇ ಗೊತ್ತಾಗುವುದಿಲ್ಲ.

ಆದರೆ ಸುಸ್ತು ಕೆಲವೇ ದಿನಗಳಲ್ಲಿ ಏಕಾಏಕಿ ಏರಿ, ಅದರ ಜೊತೆಗೆ ಹೊಸದಾಗಿ ದೃಷ್ಟಿ ಮಂಜಾಗುವುದು, ಒಂದು ಕಡೆ ಮರಗಟ್ಟುವುದು, ಕಾಲು ಎಳೆಯುವುದು ಇಂಥದ್ದು ಕಾಣಿಸಿಕೊಂಡು, ಜ್ವರವೂ ಇಲ್ಲದೆ 24 ಗಂಟೆ ಮೀರಿ ಉಳಿದರೆ ಅದು ಮರುಕಳಿಕೆ ಇರಬಹುದು. ಆಗ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನರರೋಗ ತಜ್ಞರಿಗೆ ಫೋನ್ ಮಾಡಿ. ಜ್ವರವಿದ್ದರೆ ಮೊದಲು ಮೂತ್ರಪರೀಕ್ಷೆ ಮಾಡಿಸಿ.